ಪಕ್ಕದ ಸೀಟಿನ ಕ್ಲಚ್ಚು

"ಓಟದ ಕಾರಿಗೂ ನಮ್ಮ ಕಾರಿಗೂ ಇನ್ನು ಬಣ್ಣದ್ದೊಂದೇ ವ್ಯತ್ಯಾಸ," ಎಂದು ಚಂದ್ರಮೌಳಿ ಬಾನೆಟ್ಟಿನ ಮೇಲೆ ಹೊದಿಸಿದ್ದ ಹಳೇ ಸೀರೆಯನ್ನು ಸರ್ರನೆ ಎಳೆದರು.

ಅಂಬುಜಾಕ್ಷಿ ಮೊದಲು ಸೀರೆಯನ್ನು ಗುರುತಿಸಿದರು, ಆಮೇಲೆ ಕಾರನ್ನು. ಇಪ್ಪತ್ತು ವರ್ಷದ ಅದೇ ಕಾರು, ಗಂಡ ತಾವೇ ಬಿಚ್ಚಿ ಜೋಡಿಸಿದ್ದು. ಕ್ಲಚ್ ಪೆಡಲ್ ಇದ್ದ ಜಾಗ ಮಾತ್ರ ಬೋಳಾಗಿತ್ತು. ಅದನ್ನು ನೋಡಿ ಅವರ ಎಡ ಮಂಡಿಗೇ ಸಂತೋಷವಾಯಿತು. ಆ ಮಂಡಿ ಕೈಕೊಟ್ಟೇ ಎರಡು ಸಲ ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾಗಿದ್ದರು. ನಾಳೆ ಮೂರನೆಯದು. ಲೈಸೆನ್ಸ್ ಸಿಕ್ಕರೆ ಗೆಳತಿ ಪದ್ಮಿನಿಯನ್ನು ವಾರಕ್ಕೆ ಮೂರು ದಿನ ವ್ಯಾಯಾಮ ಚಿಕಿತ್ಸೆಗೆ ಕರೆದೊಯ್ಯಬಹುದು. ಲಕ್ವ ಹೊಡೆದ ಮೇಲೆ ಪದ್ಮಿನಿಗೆ ಮಾತೂ ಇಲ್ಲ, ಕರೆದೊಯ್ಯುವವರೂ ಇಲ್ಲ.

"ಒಳಗೆ ಎರಡು ಕ್ಲಚ್ಚು ಇವೆ ಅಂಬುಜಾ. ಒಂದು, ಮೂರು, ಐದನೇ ಗೇರಿಗೆ ಒಂದು ಕ್ಲಚ್ಚು. ಎರಡು, ನಾಲ್ಕು, ಆರಕ್ಕೆ ಇನ್ನೊಂದು. ಒಂದು ಓಡ್ತಿದ್ದಾಗಲೇ ಇನ್ನೊಂದು ಮುಂದಿನ ಗೇರು ಹಿಡ್ಕೊಂಡು ಕಾಯ್ತಿರುತ್ತೆ."

"ಮುಂದಿನದು ಯಾವುದು ಅಂತ ಅದಕ್ಕೆ ಹೇಗ್ರೀ ಗೊತ್ತಾಗುತ್ತೆ?"

"ಮನಸ್ಸಲ್ಲಿ ಅಂದ್ಕೊಂಡ್ರೆ ಸಾಕು. ಸೀಟಿನ ತಂತಿ ಓದ್ಕೊಳ್ಳುತ್ತೆ."

"ಪಕ್ಕದ ಸೀಟಲ್ಲೂ ತಂತಿ ಇದೆಯಲ್ಲ?"

ಚಂದ್ರಮೌಳಿ ಕನ್ನಡಕ ಒರೆಸಿಕೊಂಡರು. "ಎರಡನೇ ಕ್ಲಚ್ಚು ಆ ಸೀಟಿಗೆ. ಅಲ್ಲಿ ಕೂರೋನು ನಾನು. ಎಲ್ಲಾನೂ ನಿನ್ನ ಕೈಗೇ ಬಿಡಕ್ಕಾಗುತ್ತಾ?"

ಬೀದಿಯ ತುದಿ ಮುಟ್ಟುವಷ್ಟರಲ್ಲಿ ಕಾರು ಹದಿನಾಲ್ಕು ಸಲ ಮುಗ್ಗರಿಸಿತು. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಅವಸರ ಎಲ್ಲಿ, ನಿಧಾನ ಎಲ್ಲಿ ಎಂಬುದರಲ್ಲಿ ಇಬ್ಬರಿಗೂ ಒಮ್ಮತ ಬಂದದ್ದೇ ಇಲ್ಲ. ಮೂಲೆಯ ಹೋಟೆಲಿನ ಮುಂದೆ ಮಾತ್ರ, ಇಬ್ಬರಿಗೂ ಕಾಫಿ ಬೇಕೆನಿಸಿ, ಬೆಣ್ಣೆಯ ಹಾಗೆ ನಿಂತಿತು.

"ಆ ತಂತಿ ಕಿತ್ಹಾಕಿ."

"ಕಿತ್ರೆ ಗೇರ್‌ಬಾಕ್ಸೇ ಮಲಗಿಬಿಡುತ್ತೆ. ನಾಳೆ ಪಕ್ಕದಲ್ಲಿ ಇನ್ಸ್‌ಪೆಕ್ಟರು ಕೂರ್ತಾರೆ. ಅವರ ಹತ್ರ ಜಗಳ ಆಡಬೇಡ, ಅಷ್ಟೆ."

ಮರುದಿನ ಇನ್ಸ್‌ಪೆಕ್ಟರ್ ಗುರುಪಾದಪ್ಪನವರು ಬೆಳಗಿನಿಂದ ಮೂವತ್ತು ಜನರ ಪಕ್ಕ ಕೂತು ಹೈರಾಣಾಗಿದ್ದರು. "ಎಂಟು ಹಾಕಿ ತೋರಿಸಿ ಅಮ್ಮಾ," ಎಂದರು. ಕಾರು ಮೊದಲನೇ ಗೇರಿನಲ್ಲಿ ಹೊರಟಿತು. ಅಷ್ಟರಲ್ಲಿ ಇನ್ಸ್‌ಪೆಕ್ಟರಿಗೆ ಊಟದ ಡಬ್ಬಿ ನೆನಪಾಯಿತು. ಕಾರು ನಾಲ್ಕಕ್ಕೆ ಹಾರಿ ಗಡಗಡ ನಡುಗಿತು.

"ಗೇರು ಹಂಗೆಲ್ಲ ಹಾಕಬಾರದಮ್ಮಾ."

"ಹಾಕಿದ್ದು ನೀವೇ ಕಣಪ್ಪ."

"ನಾನಾ? ನನ್ನ ಕೈ ತೊಡೆ ಮೇಲಿದೆ!"

ಹಸಿವಿಗೆ ನಾಲ್ಕು, ಭಯಕ್ಕೆ ಎರಡು. ನಡುನಡುವೆ ಅಂಬುಜಾಕ್ಷಿಯವರ ಒಂದು, ಮೂರು. ಎಂಟು ಎಂಬ ಅಂಕಿ ಯಾವ ಮಗ್ಗಿ ಪುಸ್ತಕದಲ್ಲೂ ಇಲ್ಲದ ಆಕಾರ ತಾಳಿತು. ಗುರುಪಾದಪ್ಪನವರು ಫೇಲ್ ಎಂದು ಬರೆಯಲು ಪೆನ್ನು ತೆಗೆದರು.

ಆಗಲೇ ಹಾದಿಗೆ ಅಡ್ಡಲಾಗಿ ಒಂದು ನಾಯಿ ಬಂತು, ಹಿಂದೆ ನಾಲ್ಕು ಮರಿ. ನಿಲ್ಲಲಿ ಎಂದು ಇಬ್ಬರಿಗೂ ಒಟ್ಟಿಗೇ ಅನಿಸಿತು. ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸಿದಷ್ಟು ಮೆತ್ತಗೆ ಕಾರು ನಿಂತಿತು. ಕೊನೆಯ ಮರಿ ಅಲ್ಲೇ ಕೂತು ಕಿವಿ ಕೆರೆದುಕೊಳ್ಳತೊಡಗಿತು. ಗುರುಪಾದಪ್ಪನವರು ಇಳಿದು, ಅದನ್ನೆತ್ತಿ ತಾಯಿಯ ಪಕ್ಕ ಬಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಬಂದು ಕೂತರು.

"ಅವಸರ ಇಲ್ಲಮ್ಮ. ನಿಧಾನಕ್ಕೆ ಹೋಗಿ."

ಅಂಬುಜಾಕ್ಷಿಯವರಿಗೂ ಅದೇ ಬೇಕಿತ್ತು. ಒಂದು, ಎರಡು, ಮೂರು... ಗೇರು ಬದಲಾದದ್ದೇ ತಿಳಿಯಲಿಲ್ಲ. ಎಂಟು ಗುಂಡಗೆ ಮುಗಿಯಿತು. ಪೆನ್ನು ಪಾಸ್ ಎಂದು ಬರೆಯಿತು.

ಸೋಮವಾರ ಪಕ್ಕದ ಸೀಟಿನಲ್ಲಿ ಪದ್ಮಿನಿ ಕೂತರು, ಚಂದ್ರಮೌಳಿ ಹಿಂದೆ. ಬೈಪಾಸ್ ಸಿಕ್ಕಿದ್ದೇ ತಡ, ಕಾರು ನಾಲ್ಕಕ್ಕೆ ಏರಿತು, ನೇರ ಆರಕ್ಕೆ ಜಿಗಿಯಿತು.

"ನಿಧಾನ ಅಂಬುಜಾ!"

"ನಾನಲ್ಲಾರೀ!"

ಎಂಟು ತಿಂಗಳಿಂದ ಏನೊಂದೂ ಬೇಕೆಂದು ಕೇಳದಿದ್ದ ಪದ್ಮಿನಿ, ಕಿಟಕಿಯ ಗಾಳಿಗೆ ಮುಖವೊಡ್ಡಿ ಅರ್ಧ ಬಾಯಲ್ಲಿ ನಗುತ್ತಿದ್ದರು. ಅಂಬುಜಾಕ್ಷಿ ಒಂದು ಕ್ಷಣ ನೋಡಿದರು. ಹಾಗಾದರೆ ಆರೇ ಇರಲಿ ಎಂದುಕೊಂಡರು.

ಹಿಂದಿನ ಸೀಟಿಗೂ ಒಂದು ತಂತಿ ಎಳೆಯುತ್ತೇನೆಂದು ಚಂದ್ರಮೌಳಿ ಮೂರು ದಿನದಿಂದ ಇಕ್ಕಳ ಹುಡುಕುತ್ತಿದ್ದಾರೆ. ಅದು ಅಕ್ಕಿ ಡಬ್ಬದ ತಳದಲ್ಲಿ ಕ್ಷೇಮವಾಗಿದೆ.