ಬಸ್ ಬಿದ್ದ ಹಳ್ಳದ ಹತ್ತಿರ

ಕುಪ್ಪೇಲೂರು ರಸ್ತೆಯ ಹಳ್ಳಕ್ಕೆ ಲಗ್ನದ ಬಸ್ಸೊಂದು ಬಿದ್ದು ಐದು ಜನ ಸತ್ತ ಮೇಲೆ, ಆ ಜಾಗ ನೋಡಲು ಜನ ಬರುವುದು ನಿಂತೇ ಇಲ್ಲ. ಹಳ್ಳದ ದಂಡೆಗೇ ನನ್ನ ಮನೆ. ನಾಚಿಕೆಪಡುವ ಪ್ರಸಂಗಗಳೆಲ್ಲ ನೇರ ನನ್ನ ಬಾಗಿಲಿಗೇ ಬರುತ್ತವೆ.

ಗಾಲಿ

ಹಾವೇರಿಯಿಂದ ಟೆಂಪೋ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು, ರೀಲ್ ಕ್ಯಾಮೆರಾ ಸಮೇತ ಒಂದು ಸಂಸಾರ ಬಂತು. ನಮ್ಮ ಬೇವಿನ ಗಿಡದ ಕೆಳಗೆ ರೊಟ್ಟಿ ಉಂಡು, ನನ್ನ ಹೆಂಡತಿಯ ಹತ್ತಿರ ಉಳ್ಳಾಗಡ್ಡಿ ಇಸಿದುಕೊಂಡು, ಆಮೇಲೆ ಹಳ್ಳಕ್ಕೆ ಇಣುಕಿದರು. ಬಸ್ಸನ್ನು ಎಂದೋ ಎತ್ತಿ ಒಯ್ದಾಗಿತ್ತು.

"ಇಷ್ಟ ಏನ್ರಿ? ಇದನ್ನ ನೋಡಾಕ ಅಲ್ಲಿಂದ ಬಂದ್ವಿ!" ಎಂದರು ಅವರಲ್ಲಿ ಹಿರಿಯರು.

ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಕೆಟ್ಟ ಚಟ ನನ್ನದು. ಕೆಸರಲ್ಲಿದ್ದ ಟೈರು ತೋರಿಸಿ, "ಅದ ನೋಡ್ರಿ, ಬಸ್ಸಿಂದು" ಎಂದುಬಿಟ್ಟೆ. ಎಲ್ಲರೂ ಚಪ್ಪಲಿ ಬಿಟ್ಟು ಕೈಮುಗಿದರು. ಒಬ್ಬಾಕೆ ಕಣ್ಣು ಒರೆಸಿಕೊಂಡಳು. ಅದು ನನ್ನ ಟ್ರ್ಯಾಕ್ಟರಿನ ಹರಿದ ಟೈರು. ಸಂಜೆ ನೋಡಿದರೆ ಅದಕ್ಕೆ ಕುಂಕುಮ ಹಚ್ಚಿದ್ದರು.

"ಟೈರೂ ನಮ್ದ, ಕುಂಕುಮಾನೂ ನಮ್ಮ ಮನಿಂದನ ಇಸ್ಕೊಂಡ್ರು" ಎಂದಳು ಹೆಂಡತಿ.

ಸ್ಟಾಪು

ನಮ್ಮ ಸ್ಟಾಪಿಗೆ ಮೊದಲು ಹುಣಸೀಮರ ಎನ್ನುತ್ತಿದ್ದರು. ಈಗ ಕಂಡಕ್ಟರು, "ಬಸ್ ಬಿದ್ದ ಹಳ್ಳ, ಯಾರ್ ಇಳೀತೀರಿ?" ಎಂದು ಕೂಗುತ್ತಾನೆ. ಒಮ್ಮೆ ಕಿಟಕಿಗೆ ಒರಗಿ ತೂಕಡಿಸುತ್ತಿದ್ದ ಅಜ್ಜಿ ದಡಕ್ಕನೆ ಎದ್ದು ಕಂಬಿ ಹಿಡಿದಳು.

"ನನ್ನೊಬ್ಬಾಕೀನ ಇಳಸೋ ಯಪ್ಪಾ, ಬಸ್ಸು ಮ್ಯಾಲ ಇರಲಿ!"

ಎಲ್ಲರೂ ನಕ್ಕರು. ಹುಣಸೀಮರ ಇನ್ನೂ ಅಲ್ಲೇ ನಿಂತಿದೆ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಲಗ್ನಪತ್ರಿಕೆ

ಮಗಳ ಲಗ್ನ, ಮನೆ ಮುಂದೆಯೇ ಹಂದರ. ರಾಣೆಬೆನ್ನೂರಿನ ಪ್ರೆಸ್ಸಿನವನು, "ಮನಿ ಗುರ್ತು ಏನ್ ಹಾಕ್ಲಿರಿ?" ಎಂದು ಕೇಳಿದ. ನಾಲಿಗೆಗೆ ರೂಢಿಯಾಗಿದ್ದದ್ದನ್ನೇ ಹೇಳಿದೆ. "ಬಸ್ ಬಿದ್ದ ಹಳ್ಳದ ಹತ್ತಿರ" ಎಂದು ಗಣಪತಿ ಚಿತ್ರದ ಪತ್ರಿಕೆಯಲ್ಲಿ ಕೆಂಪಕ್ಷರದಲ್ಲಿ ಅಚ್ಚಾಯಿತು. ಮನೆಯವರೆಲ್ಲ ಓದಿದೆವು. ಯಾರಿಗೂ ಏನೂ ಅನಿಸಲಿಲ್ಲ.

ಒಂದು ಪತ್ರಿಕೆ ಬ್ಯಾಡಗಿಯ ಹಿರಿಯರೊಬ್ಬರಿಗೆ ಕೊಡುವುದಿತ್ತು. ಅವರೂ ಅವರ ಹೆಂಡತಿಯೂ ಆ ಬಸ್ಸಿನಲ್ಲಿದ್ದರು; ಹೆಂಡತಿ ಬದುಕಲಿಲ್ಲ. ಆ ದಿನವೆಲ್ಲ ಅವರು ನಮ್ಮ ಕಟ್ಟೆಯ ಮೇಲೇ ಕುಳಿತಿದ್ದರು. ಅಂದಿನಿಂದ ನಾನು ಅವರ ಮನೆಗೆ ಹೋಗಿಬರುವ ಬಳಕೆ.

ಕನ್ನಡಕ ಏರಿಸಿ ಅವರು ಗಟ್ಟಿಯಾಗಿ ಓದತೊಡಗಿದರು. ವರ, ವಧು, ಮುಹೂರ್ತ. ಕೊನೆಯ ಸಾಲು ಬಂದಾಗಲೇ ನನಗೆ ಹೊಳೆದದ್ದು. ಕಸಿದುಕೊಳ್ಳಬೇಕೆನ್ನುವಷ್ಟರಲ್ಲಿ ಅದನ್ನೂ ಪೂರ್ತಿ ಓದಿ ಮುಗಿಸಿದರು.

"ತಪ್ಪಾತ್ರೀ ಹಿರ್ಯಾರ..." ಎಂದೆ. ತಲೆ ಎತ್ತಲಾಗಲಿಲ್ಲ.

ಅವರು ಪತ್ರಿಕೆ ಮಡಚಿ ಅಂಗಿಯ ಕಿಸೆಗಿಟ್ಟರು.

"ಇರ್ಲಿ ಬಿಡ್ರಿ, ದಾರಿ ಗೊತ್ತೈತಿ. ಹ್ವಾದ ಸಲಾನೂ ಲಗ್ನಕ್ಕನ ಹೊಂಟಿದ್ವಿ. ಈ ಸಲ ಊಟ ಮಾಡ್ಕೊಂಡ ಹೋಗ್ತೇನಿ."