ಕ್ಯಾಪ್ಟನ್ ಚೇತನಕುಮಾರರ ಮುಸುಕು

ಗಡಿಯಲ್ಲಿ ಹೋರಾಡುತ್ತ ಇಪ್ಪತ್ತಾರನೇ ವಯಸ್ಸಿನಲ್ಲಿ ಪ್ರಾಣ ಕೊಟ್ಟ ಕ್ಯಾಪ್ಟನ್ ಚೇತನಕುಮಾರರ ಮೂರ್ತಿಯು ಬ್ಯಾಡಗಿಯ ಪೇಟೆ ವೃತ್ತದಲ್ಲಿ ಕಳೆದ ಐದು ವರ್ಷಗಳಿಂದ ಬಟ್ಟೆ ಹೊದ್ದುಕೊಂಡು ಅತ್ಯಂತ ಸುವ್ಯವಸ್ಥಿತವಾಗಿ ನಿಂತಿದೆ. ಈ ಬಗ್ಗೆ ಊರಿನಲ್ಲಿ ಯಾರದೂ ತಕರಾರಿಲ್ಲ. ಇದ್ದದ್ದು ಒಬ್ಬಳದೇ, ಕ್ಯಾಪ್ಟನ್ನರ ತಾಯಿ ಪ್ರೇಮವ್ವನದು. ಅದನ್ನೂ ನಿಯಮಾನುಸಾರ ಇತ್ಯರ್ಥಪಡಿಸಲಾಗಿದೆ.

ಪ್ರೇಮವ್ವ ಮೆಣಸಿನಕಾಯಿ ತೊಟ್ಟು ಬಿಡಿಸಿ ಮಗನನ್ನು ಓದಿಸಿದವಳು. ಮಗ ಪೆಟ್ಟಿಗೆಯಲ್ಲಿ ಬಂದ ದಿನ ಪೆಟ್ಟಿಗೆ ತೆರೆಯುವಂತಿಲ್ಲ ಎಂದಿದ್ದರು. ದೊಡ್ಡವರ ಮಾತು, ಮೀರುವುದುಂಟೇ? ಮೇಲೆ ಕೈಯಿಟ್ಟು ಕಳಿಸಿಕೊಟ್ಟಳು. ಕಡೆಗಾಲದಲ್ಲಿ ಮುಖ ನೋಡಲಿಲ್ಲವೆಂಬ ಸಂಕಟ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿಯಿತು. ಹಾಗಾಗಿ ಮೂರ್ತಿ ಮಾಡಿಸುತ್ತಾರೆಂದು ತಿಳಿದದ್ದೇ, ಮೂರ್ತಿ ಸಮಿತಿಯ ಕಾರ್ಯದರ್ಶಿ ಹಾಲೇಶಪ್ಪನವರ ಬಳಿ ಓಡಿದಳು.

"ಎಡಗಡೆ ಹುಬ್ಬಿನ ಮ್ಯಾಲೆ ಒಂದು ಗಾಯದ ಕಲೆ ಐತ್ರಿ ಅಣ್ಣಾರ. ಸಣ್ಣಾಂವಿದ್ದಾಗ ಸೈಕಲ್ ಮ್ಯಾಲಿಂದ ಬಿದ್ದಿದ್ದ. ಮರೀಬ್ಯಾಡ್ರಿ."

ಹಾಲೇಶಪ್ಪನವರು ಕಲೆಯನ್ನು ನಡಾವಳಿಯಲ್ಲಿ ದಾಖಲಿಸಿಕೊಂಡರು.

ಮೊದಲ ವರ್ಷ ಅನಾವರಣಕ್ಕೆಂದು ಮಂತ್ರಿಗಳು ಹೊರಟದ್ದು ನಿಜ. ದಾರಿಯಲ್ಲಿ ರಾಣೆಬೆನ್ನೂರಿನಲ್ಲಿ ಒಂದು ಬೀಜದಂಗಡಿಯ ಉದ್ಘಾಟನೆ, ಆಮೇಲೆ ಊಟ. ಊಟದ ನಂತರ ಮಂತ್ರಿಗಳಿಗೆ ಕಣ್ಣು ಹತ್ತಿದ್ದರಿಂದ ಕಾರು ಹೆದ್ದಾರಿ ಹಿಡಿದು ನೇರ ಹಾವೇರಿಗೆ ಹೋಯಿತು. ಎರಡನೇ ವರ್ಷ ಚುನಾವಣೆ. ಮುಖಂಡರ ಮೂರ್ತಿಗಳನ್ನೆಲ್ಲ ಬಟ್ಟೆಯಿಂದ ಮುಚ್ಚಬೇಕೆಂದು ಆದೇಶವಾಯಿತು. ಪರಿಶೀಲನೆಗೆ ಬಂದ ಅಧಿಕಾರಿಗಳು, ಆದೇಶಕ್ಕೆ ಒಂದು ವರ್ಷ ಮುಂಚೆಯೇ ಪಾಲಿಸಿದ ಏಕೈಕ ಊರು ಇದೆಂದು ಮೆಚ್ಚಿ ಪ್ರಶಂಸಾಪತ್ರ ಕೊಟ್ಟರು. ಸಮಿತಿ ಅದಕ್ಕೆ ಕಟ್ಟು ಹಾಕಿಸಿತು.

ಮೂರನೇ ವರ್ಷ ಬಟ್ಟೆ ಪಿಸಿದು ಹರಿಯತೊಡಗಿತು. ಹಳೆಯದನ್ನು ತೆಗೆದರೆ ಮೂರ್ತಿ ಕಾಣುತ್ತದೆ. ಕಂಡರೆ ಅದು ಅನಧಿಕೃತ ಅನಾವರಣ. ಆದ್ದರಿಂದ ಹಳೆಯದರ ಮೇಲೆಯೇ ಹೊಸದನ್ನು ಹೊದಿಸತಕ್ಕದ್ದೆಂದು ಠರಾವಾಯಿತು. ದರ್ಜಿ ಮೆಹಬೂಬ ಹೊಲಿದ. ದಲಾಲಿ ಅಂಗಡಿಯ ಅಂದಾನೆಪ್ಪನವರು ಬಟ್ಟೆ ಕೊಟ್ಟು, ಕ್ಯಾಪ್ಟನ್ನರ ಎದೆಯ ಭಾಗದಲ್ಲಿ ತಮ್ಮ ಅಂಗಡಿಯ ಹೆಸರು, ಫೋನ್ ನಂಬರು ಬರೆಸಿದರು. ಎದುರಂಗಡಿಯವರು ಸುಮ್ಮನಿರುತ್ತಾರೆಯೇ? ತಿಂಗಳೊಳಗೆ ಅವರದೊಂದು ಮೇಲೆ ಬಿತ್ತು. ನಾಲ್ಕನೇ ವರ್ಷದ ಹೊತ್ತಿಗೆ ಐದು ಪದರವಾಗಿ ಕ್ಯಾಪ್ಟನ್ನರು ದುಂಡಗಾದರು. ನಿರ್ಮಲಾ ಟೀಚರ ಶಾಲೆಯ ವೇಷಭೂಷಣ ಸ್ಪರ್ಧೆಯಲ್ಲಿ ಒಂದು ಹುಡುಗಿ ಅಡಿಯಿಂದ ಮುಡಿಯವರೆಗೆ ಚಾದರ ಸುತ್ತಿಕೊಂಡು ಬಂದು, "ನಾನು ಕ್ಯಾಪ್ಟನ್ ಚೇತನಕುಮಾರ" ಎಂದು ಮೊದಲ ಬಹುಮಾನ ಪಡೆಯಿತು.

ಅದನ್ನು ಕಂಡ ಪ್ರೇಮವ್ವ ಕೂತಲ್ಲಿಂದ ಎದ್ದಳು. ಸೀದಾ ಹಾಲೇಶಪ್ಪನವರಲ್ಲಿಗೆ ಬಂದಳು.

"ನನಗ ನನ್ನ ಮಗನ್ನ ತೋರಸ್ರಿ."

"ಕುಂದ್ರಿ ಅವ್ವಾರ, ಚಹಾ ತಗೋರಿ. ಅನಾವರಣ ಆಗದ ಮೂರ್ತಿ ನೋಡಾಕ ಬರೂದಿಲ್ಲರಿ."

"ಯಾವಾಗ ಆಗತೈತಿ?"

"ಮಂತ್ರಿಗಳು ತಾರೀಕು ಕೊಟ್ಟಾಗ."

"ಕೊಡಲೇ ಇಲ್ಲಂದ್ರ?"

"ಹಂಗ ಅನಬಾರದ್ರಿ, ಅಪಶಕುನ."

"ಯಪ್ಪಾ, ಇನ್ನ ನನಗ ಯಾವ ಅಪಶಕುನ ಉಳದೈತಿ?" ಎಂದಳು ಪ್ರೇಮವ್ವ. ಇದಕ್ಕೆ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲವಾದ್ದರಿಂದ ಹಾಲೇಶಪ್ಪನವರು ಅರ್ಜಿ ಬರೆಸಿಕೊಂಡರು.

ಮೂರು ತಿಂಗಳಿಗೆ ಹಾವೇರಿಯ ಜಿಲ್ಲಾ ಕಚೇರಿಯಿಂದ ಹಿಂಬರಹ ಬಂತು: "ದರ್ಶನಕ್ಕೆ ಅವಕಾಶವಿಲ್ಲ. ಆದಾಗ್ಯೂ ಅರ್ಜಿದಾರರು ತಾಯಿಯಾಗಿರುವ ಕಾರಣ, ಪುಣ್ಯತಿಥಿಯಂದು ಮುಖದ ಬಳಿ ಮುಸುಕಿನ ಹೊಲಿಗೆಯನ್ನು ಒಂದು ಗೇಣು ಮೀರದಂತೆ ಬಿಚ್ಚಿ, ಒಂದು ಕೈ ಮಾತ್ರ ಒಳಗೆ ಹಾಕಿ, ಎರಡು ನಿಮಿಷ ಸ್ಪರ್ಶಿಸಬಹುದು. ಸ್ಪರ್ಶವು ನೋಟವಾಗತಕ್ಕದ್ದಲ್ಲ."

ಪ್ರೇಮವ್ವ ಅಂದು ಬೆಳಿಗ್ಗೆ ಮಜ್ಜಿಗೆಯಲ್ಲಿ ಮೂರು ಸಲ ಕೈ ತೊಳೆದಳು, ಮಗನ ಕಣ್ಣಿಗೆ ಖಾರ ತಾಗಬಾರದಲ್ಲ. ಊರೆಲ್ಲ ನೆರೆದಿತ್ತು. ಏಣಿ ಹತ್ತಿ ಕೈ ಒಳಗೆ ಹಾಕಿದಳು. ಹುಬ್ಬು ಹುಡುಕಿದಳು, ಸಿಗಲಿಲ್ಲ. ಮೂಗಿಲ್ಲ, ಕಿವಿಯಿಲ್ಲ. ದುಂಡಗೆ, ನುಣ್ಣಗೆ ಏನೋ ಇತ್ತು. ಕೆಳಗೆ ಬಾಯಿಯ ಸುತ್ತು ಬೆರಳಿಗೆ ತಾಗಿತು.

"ಅಯ್ಯ ಶಿವನ, ಇದು ಬೋರಲ ಹಾಕಿದ ಗಡಿಗಿ!"

"ಗಡಿಗೀನ ರೀ ಅವ್ವಾರ," ಎಂದರು ಹಾಲೇಶಪ್ಪನವರು ಸಮಾಧಾನದಿಂದ. "ಅನಾವರಣ ಆಗದ ಮೂರ್ತಿ ಬಯಲಾಗ ಇಡಬಾರದಂತ ನಿಯಮ ಐತಿ. ಖರೇ ಮೂರ್ತಿ ಹಾವೇರ್ಯಾಗ ಕೀಲಿ ಹಾಕಿ ಭದ್ರ ಇಟ್ಟಾರ."

"ಕೀಲಿ ಯಾರ ಹಂತೇಕ ಐತಿ? ಈಗ ಹೋಗ್ತೇನಿ."

"ಕೀಲಿ ಇದ್ದ ಸಾಹೇಬ್ರು ವರ್ಗ ಆಗ್ಯಾರ್ರಿ. ಕೀಲೀನೂ ಅವರ ಸಂಗಾಟ ಹೋಗೇತಿ."

ನೆರೆದವರಲ್ಲಿ ನಿರ್ಮಲಾ ಟೀಚರು ಮೊದಲು ಬಾಯಿಬಿಟ್ಟರು: "ಗಡಿಗಿ ಆದ್ರೇನ್ರಿ, ನಾಕು ವರ್ಷ ಮಕ್ಕಳು ಸೆಲ್ಯೂಟ್ ಹೊಡದಾವು. ಈಗ ಅಲ್ಲ ಅಂದ್ರ ಅವಕ್ಕ ಬ್ಯಾಸರ ಆಗತೈತಿ." ಮೆಹಬೂಬನೂ, ತಾನು ಇಷ್ಟು ದಿನ ಅದೇ ಅಳತೆಗೆ ಹೊಲಿದಿದ್ದೇನೆ, ಈಗ ಮೂರ್ತಿ ತಂದರೆ ಬಟ್ಟೆ ಹೊಂದಲಿಕ್ಕಿಲ್ಲ ಎಂದ. ಭಾವನೆ ಮುಖ್ಯ, ಒಳಗೇನಿದೆ ಎಂಬುದಲ್ಲ ಎಂದು ಅಂದಾನೆಪ್ಪನವರು ಹೇಳಿದ್ದಕ್ಕೆ ಎಲ್ಲರೂ ತಲೆದೂಗಿದರು.

"ನಿಮ್ಮ ಬಾಯಾಗ ಮಣ್ಣ ಹಾಕ! ನನ್ನ ಕೂಸಿಗೆ ಗಡಿಗಿ ಇಟ್ಟು ಕೈ ಮುಗೀತೀರೇನಲೇ?" ಎಂದು ಪ್ರೇಮವ್ವ ಏಣಿಯ ಮೇಲೆಯೇ ಅತ್ತಳು. ತಾಯಿಯವರು ಭಾವುಕರಾಗಿ ಸಮಿತಿಯನ್ನು ಹರಸಿದರೆಂದು ನಡಾವಳಿಯಲ್ಲಿ ದಾಖಲಾಯಿತು.

ಈ ವರ್ಷದ ಕಾರ್ಯಕ್ರಮ ಪಟ್ಟಿಯಲ್ಲಿ ಪ್ರಾರ್ಥನೆ, ಮಾಲಾರ್ಪಣೆಗಳ ನಂತರ "ತಾಯಿಯಿಂದ ಸ್ಪರ್ಶ: ಎರಡು ನಿಮಿಷ" ಎಂದು ಅಚ್ಚಾಗಿತ್ತು. ಪ್ರೇಮವ್ವ ಬರಲಾರಳು ಎಂದುಕೊಂಡಿದ್ದರು. ಬಂದಳು. ಇನ್ನೆಲ್ಲಿಗೆ ಹೋಗಬೇಕು ಅವಳು? ಏಣಿ ಹತ್ತಿ, ಕೈ ಒಳಗೆ ಹಾಕಿ, ಕಣ್ಣು ಮುಚ್ಚಿ ನಿಂತಳು. ಎರಡು ನಿಮಿಷವಾಯಿತು. ಕೈ ತೆಗೆಯಲಿಲ್ಲ. ಹಾಲೇಶಪ್ಪನವರು ಗಡಿಯಾರ ನೋಡಿದರು, ಜನರನ್ನು ನೋಡಿದರು, ಕೊನೆಗೆ ಪಟ್ಟಿಯಲ್ಲಿ ಎರಡು ಎಂಬುದನ್ನು ಹೊಡೆದು ಮೂರು ಎಂದು ಬರೆದು ಸಹಿ ಮಾಡಿದರು. ಆಡಳಿತಕ್ಕೂ ಕರುಳಿರುತ್ತದೆ ಎಂದು ಮೈಕಿನಲ್ಲಿ ಸಾರಿದಾಗ ಊರಿಗೆ ಊರೇ ಚಪ್ಪಾಳೆ ತಟ್ಟಿತು. ಪ್ರೇಮವ್ವನ ಒಂದು ಕೈ ಒಳಗಿದ್ದದ್ದರಿಂದ ಅವಳಿಗೆ ಮಾತ್ರ ತಟ್ಟಲಾಗಲಿಲ್ಲ.