ದಿನಕ್ಕೆ ನಲವತ್ತು

ಇನ್ನಂಜೆಯ ವ್ಯಾಲೆಂಟೈನ್ ಡಿಸೋಜರಿಗೆ ಜೀವ ವಿಮೆ ಮಾಡಿಸುವ ಬುದ್ಧಿ ಬಂದದ್ದು ಅರುವತ್ತೆರಡು ತುಂಬಿದ ಮೇಲೆ. ಅಷ್ಟು ಹೊತ್ತಿಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ, ಬಿಪಿ ಬಂದು ಒಂಬತ್ತು ವರ್ಷ, ಹೃದಯಕ್ಕೆ ಸ್ಟೆಂಟ್ ಕೂರಿಸಿ ಎರಡು ವರ್ಷ ಆಗಿಹೋಗಿತ್ತು. ಉಡುಪಿಯ ಒಂದು ಬೇಕರಿಯ ಬ್ರೆಡ್ಡಿನ ವ್ಯಾನನ್ನು ಮೂವತ್ತು ವರ್ಷ ಓಡಿಸಿ, ದಾರಿಯ ಒಂದು ಕೋಳಿಯ ಪುಕ್ಕವನ್ನೂ ಉದುರಿಸದೆ ನಿವೃತ್ತರಾದ ಸಾಧು ಮನುಷ್ಯ. ಬೀಡಿ, ಸಿಗರೇಟು ಮುಟ್ಟಿದವರೇ ಅಲ್ಲ. ಆದರೂ ಕಾಯಿಲೆಗಳು ಕರೆಯದೆ ಬಂದ ನೆಂಟರ ಹಾಗೆ ಬಂದು ಕೂತಿದ್ದವು.

ಅವರಿಗೆ ಇದ್ದದ್ದು ಒಂದೇ ಚಿಂತೆ. ತಾನು ಹೋದ ಮೇಲೆ ಹೆಂಡತಿ ಜೆರ್ಟ್ರೂಡ್, ಕಾರ್ಕಳದಲ್ಲಿರುವ ತವರಿನ ಅಣ್ಣ ಬೆಂಜಮಿನ್‌ನ ಬಾಗಿಲಿಗೆ ಹೋಗಿ ನಿಲ್ಲಬಾರದು. ಬೆಂಜಮಿನ್ ಕೆಟ್ಟವನಲ್ಲ. ಕೇಳಿದರೆ ಕೊಡುತ್ತಾನೆ. ಕೊಟ್ಟದ್ದನ್ನು ಮಾತ್ರ ಆದಿತ್ಯವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಹತ್ತು ಜನರಿಗೆ ಹೇಳದಿದ್ದರೆ ಅವನಿಗೆ ಮಧ್ಯಾಹ್ನದ ಊಟ ಸೇರುವುದಿಲ್ಲ. ಜೆರ್ಟ್ರೂಡ್ ಹಾಗೆ ಹತ್ತು ಜನರ ಬಾಯಿಗೆ ಬೀಳುವುದು ವ್ಯಾಲೆಂಟೈನರಿಗೆ ಬೇಡವಾಗಿತ್ತು.

ಮೂರು ಕಂಪೆನಿಗಳು ಅವರ ಕಾಯಿಲೆಗಳ ಪಟ್ಟಿ ನೋಡಿಯೇ ಕೈಮುಗಿದಿದ್ದವು. ನಾಲ್ಕನೆಯದನ್ನು ಹುಡುಕಿ ತಂದವನು ಕಾಪುವಿನ ಏಜೆಂಟ್ ಝುಬೈರ್.

"ಅಂಕಲ್, ಇದು ಕಾಯಿಲೆ ಇದ್ದವರಿಗೇ ಮಾಡಿದ ಪಾಲಿಸಿ. ಸಿಗರೇಟ್ ಇಲ್ಲದಿದ್ದರೆ ತಿಂಗಳಿಗೆ ಎರಡು ಸಾವಿರ. ಇದ್ದರೆ ಐದು. ನಿಮಗೆ ಎರಡೇ. ಆದರೆ ಒಂದು ಮಾತು, ಸುಳ್ಳು ಮಾತ್ರ ಹೇಳಬಾರದು. ಈಗ ಸುಳ್ಳು ಹೇಳಿದರೆ ಆಮೇಲೆ ಆಂಟಿಗೆ ಒಂದು ಪೈಸೆಯೂ ಸಿಗುವುದಿಲ್ಲ."

"ಸುಳ್ಳು ನನಗೆ ಬರುವುದೂ ಇಲ್ಲ ಮಾರಾಯ" ಎಂದರು ವ್ಯಾಲೆಂಟೈನ್. ಅದು ಸತ್ಯವೇ. ಆದರೆ ಮನೆಯಲ್ಲಿ ಇನ್ನೊಬ್ಬರಿದ್ದರು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಕಂಪೆನಿಯಿಂದ ಫೋನ್ ಬರುವುದೆಂದು ನಿಗದಿಯಾಗಿತ್ತು. ಒಂಬತ್ತೂವರೆಗೇ ಪಕ್ಕದ ಮನೆಯ ಪಾತುಮ್ಮ ಖಾಲಿ ಪಾತ್ರೆ ಕೊಡುವ ನೆಪದಲ್ಲಿ ಬಂದು ಕುರ್ಚಿ ಹಿಡಿದಿದ್ದಳು.

"ಬಾಯಮ್ಮ, ನಿಮ್ಮ ಹತ್ತಿರ ಕೇಳಿದರೆ ಪೊರ್ಬುಗಳು, ನಿಮ್ಮ ಯಜಮಾನರು, ಗಟ್ಟಿ ಇದ್ದಾರೆ ಅಂತ ಹೇಳಬೇಕು. ಸೋತು ಮಲಗಿದವರಿಗೆ ಯಾರು ವಿಮೆ ಕೊಡ್ತಾರೆ?" ಎಂದು ಜೆರ್ಟ್ರೂಡಳಿಗೆ ಬುದ್ಧಿ ಹೇಳಿದಳು. ಜೆರ್ಟ್ರೂಡ್ ಅದನ್ನು ಗಂಟು ಕಟ್ಟಿಕೊಂಡಳು.

ಹತ್ತಕ್ಕೆ ಸರಿಯಾಗಿ ಫೋನ್ ಬಂತು. ವ್ಯಾಲೆಂಟೈನ್ ಸ್ಪೀಕರ್ ಒತ್ತಿ ಮೇಜಿನ ಮೇಲೆ ಇಟ್ಟರು.

"ಸರ್, ನಾನು ಚೈತಾಲಿ, ಬೆಂಗಳೂರಿಂದ. ಈ ಕಾಲ್ ರೆಕಾರ್ಡ್ ಆಗ್ತಿದೆ. ನಿಮಗೆ ಶುಗರ್ ಇದೆಯಾ?"

"ಉಂಟು."

"ಬಿಪಿ?"

"ಉಂಟು."

"ಸ್ಟೆಂಟ್?"

"ಅದೂ ಉಂಟು."

ಅಂಗಡಿಯಲ್ಲಿ ಸಾಮಾನಿನ ಪಟ್ಟಿ ಒಪ್ಪಿಸಿದ ಹಾಗೆ ಎಲ್ಲವೂ ಸಲೀಸಾಗಿ ಮುಗಿಯಿತು. ಸಿಗರೇಟು ಇಲ್ಲವೆಂದೂ ಹೇಳಿಯಾಯಿತು. "ಈಗ ಮನೆಯವರ ಹತ್ರ ಮಾತಾಡಬೇಕು. ಅವರು ಉತ್ತರ ಕೊಡುವಾಗ ನೀವು ಹೇಳಿಕೊಡಬಾರದು ಸರ್. ನಿಮ್ಮ ಧ್ವನಿ ಕೇಳಿಸಿದ್ರೆ ಅರ್ಜಿ ಕ್ಯಾನ್ಸಲ್ ಆಗುತ್ತೆ" ಎಂದಳು ಚೈತಾಲಿ. ವ್ಯಾಲೆಂಟೈನ್ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದು ಕೂತರು.

"ಮೇಡಂ, ನಿಮ್ಮ ಯಜಮಾನ್ರು ಸೇದ್ತಾರಾ?"

ಇಲ್ಲಿ ಜೆರ್ಟ್ರೂಡಳ ಕನ್ನಡದ ಬಗ್ಗೆ ಒಂದು ಮಾತು ಹೇಳಬೇಕು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು. ಕನ್ನಡ ಶಾಲೆಯಲ್ಲಿ ಕಲಿತದ್ದು. ಅವಳ ಕನ್ನಡದಲ್ಲಿ ಬೀಡಿ 'ಎಳೆಯುವಂಥದ್ದು'. ಸೇದುವುದೆಂದರೆ ಬಾವಿ, ಹಗ್ಗ, ಕೊಡಪಾನ. ಬೇರೆ ಅರ್ಥ ಐವತ್ತೇಳು ವರ್ಷಗಳಲ್ಲಿ ಅವಳಿಗೆ ಬೇಕಾಗಿರಲಿಲ್ಲ. ಅಂಗಳದ ಮಲ್ಲಿಗೆ ಗಿಡಗಳಿಗೆ ಪಂಪಿನ ನೀರು ಬಿಟ್ಟರೆ ಬುಡ ಕೊಚ್ಚಿ ಹೋಗುತ್ತದೆಂದು ಆ ಮನೆಯಲ್ಲಿ ಇಂದಿಗೂ ಬಾವಿಯಿಂದ ಸೇದಿಯೇ ಹಾಕುವುದು. ಗಂಡನಿಗೆ ಕೊಡಪಾನ ಎತ್ತುವ ಶಕ್ತಿ ಉಂಟೋ ಇಲ್ಲವೋ ಎಂದು ಹುಡುಗಿ ಉಪಾಯದಿಂದ ಕೇಳುತ್ತಿದ್ದಾಳೆ ಎಂದುಕೊಂಡಳು ಜೆರ್ಟ್ರೂಡ್.

"ಸೇದದೆ? ದಿನಕ್ಕೆ ನಲವತ್ತು!"

ಬೆಂಗಳೂರಿನ ಧ್ವನಿ ಏರಿತು. "ನಲವತ್ತಾ?"

"ಬೇಸಗೆಯಲ್ಲಿ ಅಷ್ಟು ಬೇಕೇ ಬೇಕು. ಮಳೆಗಾಲದಲ್ಲಿ ನಾಲ್ಕೈದು ಸಾಕಾಗ್ತದೆ. ಬೆಳಿಗ್ಗೆ ಎದ್ದ ಕೂಡಲೇ ಇಪ್ಪತ್ತು, ಸಂಜೆ ತೇರ್ಸದ ಪ್ರಾರ್ಥನೆಗೆ ಕೂರುವ ಮೊದಲು ಇಪ್ಪತ್ತು."

ವ್ಯಾಲೆಂಟೈನ್ ಕುರ್ಚಿಯಿಂದ ಎದ್ದರು. ಮಾತಾಡುವ ಹಾಗಿಲ್ಲ. ಎರಡು ಬೆರಳನ್ನು ತುಟಿಗಿಟ್ಟು, ಹೊಗೆ ಬಿಟ್ಟ ಹಾಗೆ ಮಾಡಿ, ತಲೆಯನ್ನು ಅತ್ತಿತ್ತ ಆಡಿಸಿದರು. ಎರಡು ಬೆರಳು ನೋಡಿದ ಜೆರ್ಟ್ರೂಡ್, ಲೆಕ್ಕ ಕಡಿಮೆ ಹೇಳಿದೆನೇನೋ ಎಂದುಕೊಂಡಳು.

"ಕೆಲವು ದಿನ ನಲವತ್ತೆರಡೂ ಆಗ್ತದೆ" ಎಂದು ತಿದ್ದಿದಳು.

"ಸ್ಟೆಂಟ್ ಹಾಕಿದ ಮೇಲೂ ನಿಲ್ಲಿಸಿಲ್ವಾ ಮೇಡಂ?"

"ಎಂತಕ್ಕೆ ನಿಲ್ಲಿಸುವುದು? ಸೇದಿದಷ್ಟೂ ಎದೆ ಗಟ್ಟಿ ಆಗುವುದಲ್ವಾ?"

"ನೀವೂ ಸೇದ್ತೀರಾ?"

"ಮತ್ತೆ! ಮದುವೆಯಾಗಿ ಬಂದ ಮರುದಿನವೇ ಅತ್ತೆ ಶುರು ಮಾಡಿಸಿದರು. ನಮ್ಮ ಕಡೆ ಹೆಂಗಸರೇ ಜಾಸ್ತಿ ಸೇದುವುದು."

ವ್ಯಾಲೆಂಟೈನ್ ಗೋಡೆಗೆ ಹಣೆ ಕೊಟ್ಟು ನಿಂತರು. ಪಾತುಮ್ಮನಿಗೆ ತಡೆಯಲಾಗಲಿಲ್ಲ. ಫೋನಿನ ಕಡೆಗೆ ಬಗ್ಗಿ, "ಹೌದು ಮಗಳೇ, ನಾನು ಪಕ್ಕದ ಮನೆಯವಳು, ಸಾಕ್ಷಿ ಹೇಳ್ತೇನೆ. ನಮ್ಮಲ್ಲಿ ಮುಗಿದರೆ ನಾವೂ ಇವರಲ್ಲಿಗೇ ಬರುವುದು. ಒಂದು ದಿನ ಇಲ್ಲ ಅಂದವರಲ್ಲ" ಎಂದಳು.

ಚೈತಾಲಿ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು. ವ್ಯಾಲೆಂಟೈನರ ಧ್ವನಿ ಆಗ ಹೊರಟಿತು.

"ಜೆರ್ಟು! ಅವಳು ಕೇಳಿದ್ದು ಸಿಗರೇಟು!"

ಜೆರ್ಟ್ರೂಡ್ ಬಾಯಿಗೆ ಸೆರಗು ಒತ್ತಿಕೊಂಡಳು. "ಯೇಸುವೇ! ಹಾಗಾದರೆ ನೇರ ಎಳೀತಾರಾ ಅಂತ ಕೇಳಬಾರದಿತ್ತಾ ಅವಳಿಗೆ?" ಎಂದು ತಲೆ ತಗ್ಗಿಸಿದಳು. ತಲೆ ತಗ್ಗಿಸಲು ಅವಳಿಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಆಗ ಯಾರೂ ಕೇಳಲಿಲ್ಲ.

ಅರ್ಧ ಗಂಟೆಯಲ್ಲಿ ಝುಬೈರ್‌ನ ಕಾರು ಅಂಗಳಕ್ಕೆ ನುಗ್ಗಿತು. "ಅಂಕಲ್, ದಿನಕ್ಕೆ ಎರಡು ಪ್ಯಾಕಾ? ಆಂಟಿ ಸಹ? ಪಕ್ಕದ ಮನೆಯವರಿಗೂ ಸಪ್ಲೈ ಅಂತೆ!" ಎಂದು ಇಳಿಯುವ ಮೊದಲೇ ಕೂಗಿದ. ವಿಷಯ ತಿಳಿದ ಮೇಲೆ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಐದು ನಿಮಿಷ ನಕ್ಕ. ಕೊನೆಗೆ ಕಣ್ಣೊರೆಸಿಕೊಂಡು, "ದಾರಿ ಉಂಟು. ಮಣಿಪಾಲದಲ್ಲಿ ಕಂಪೆನಿಯ ಡಾಕ್ಟ್ರು ಮೂರು ಗಂಟೆಯವರೆಗೆ ಇರ್ತಾರೆ. ಮೂತ್ರ ಪರೀಕ್ಷೆ ಮಾಡಿದರೆ ತಂಬಾಕು ಉಂಟೋ ಇಲ್ಲವೋ ಹತ್ತು ನಿಮಿಷದಲ್ಲಿ ಗೊತ್ತಾಗ್ತದೆ. ಹೊರಡಿ" ಎಂದ.

ಸಾಕ್ಷಿ ಬೇಕಾಗಬಹುದೆಂದು ಪಾತುಮ್ಮನೂ ಹತ್ತಿದಳು. ದಾರಿಯುದ್ದಕ್ಕೂ ವ್ಯಾಲೆಂಟೈನರಿಗೆ ನೀರು ಕುಡಿಸುತ್ತಲೇ ಇದ್ದಳು. ಅಂಬಲಪಾಡಿಯ ಸಿಗ್ನಲಿನಲ್ಲಿ ಕಾರು ನಿಂತಾಗ ಅವರು ಕಾಲು ಒತ್ತಿ ಹಿಡಿದು, "ಝುಬೈರ್, ಪರೀಕ್ಷೆ ಇಲ್ಲಿಯೇ ಆಗುವ ಹಾಗೆ ಉಂಟು, ಬೇಗ ಬಿಡು" ಎಂದರು.

ಹೇಗೋ ಮಣಿಪಾಲ ಬಂತು. ಪರೀಕ್ಷೆಯೂ ಆಯಿತು. ಡಾಕ್ಟರು ಪರೀಕ್ಷೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ತಂಬಾಕಿನ ಸುಳಿವೇ ಇಲ್ಲ. ಕಾಲ್ ಸೆಂಟರ್‌ನವರದ್ದೇ ತಪ್ಪು. ಸರಿಪಡಿಸಿ ಬರೆಯುತ್ತೇನೆ" ಎಂದರು. ವ್ಯಾಲೆಂಟೈನರ ಮುಖ ಅರಳಿತು. ಬೆಂಜಮಿನ್‌ನ ಬಾಗಿಲು ಅವರ ಕಣ್ಣೆದುರಿಗೇ ಮುಚ್ಚಿದ ಹಾಗಾಯಿತು.

ಡಾಕ್ಟರು ಪೆನ್ನು ಎತ್ತಿದವರು ತಡೆದರು. "ಹಾಗಾದರೆ ನಲವತ್ತು ಅಂದರೆ ಎಂತ?"

"ಕೊಡಪಾನ ಡಾಕ್ಟ್ರೇ, ಬಾವಿಯ ನೀರು" ಎಂದಳು ಪಾತುಮ್ಮ ಉತ್ಸಾಹದಿಂದ.

ಡಾಕ್ಟರು ಕನ್ನಡಕ ತೆಗೆದರು. "ಸ್ಟೆಂಟ್ ಹಾಕಿದವರು ದಿನಕ್ಕೆ ನಲವತ್ತು ಕೊಡಪಾನ ಸೇದುವುದಾ? ಭಾರ ಎತ್ತಬೇಡಿ ಅಂತ ನಿಮ್ಮ ಡಾಕ್ಟ್ರು ಹೇಳಿಲ್ವಾ? ಇದು ಸಿಗರೇಟಿಗಿಂತ ಕಡೆ. ನಾನು ಪಾಸ್ ಮಾಡಲಿಕ್ಕೆ ಆಗುವುದಿಲ್ಲ."

ವ್ಯಾಲೆಂಟೈನ್ ಹೆಂಡತಿಯ ಮುಖ ನೋಡಿದರು. ಜೆರ್ಟ್ರೂಡಳಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

"ಇಲ್ಲ ಡಾಕ್ಟ್ರೇ! ಇವರು ಎರಡು ವರ್ಷದಿಂದ ಒಂದು ಚೊಂಬು ಸಹ ಸೇದಿಲ್ಲ. ನಾನು ಬಿಟ್ಟರೆ ಅಲ್ವಾ? ನಲವತ್ತೂ ಸೇದುವುದು ನಾನು. ಇವರನ್ನು ಗಟ್ಟಿ ತೋರಿಸಲಿಕ್ಕೆ ಹಾಗೆ ಹೇಳಿದ್ದು" ಎಂದು ಕಣ್ಣೀರು ಹಾಕಿದಳು.

"ಅಂದರೆ ರೆಕಾರ್ಡ್ ಆದ ಕಾಲಿನಲ್ಲಿ ಬೇಕೆಂದೇ ಸುಳ್ಳು ಹೇಳಿದ್ದು" ಎಂದರು ಡಾಕ್ಟರು ಮೆಲ್ಲಗೆ. "ತಪ್ಪು ತಿಳಿದದ್ದನ್ನು ನಾನು ತಿದ್ದಬಹುದು. ಸುಳ್ಳನ್ನು ತಿದ್ದುವ ಹಾಗಿಲ್ಲ. ಅರ್ಜಿ ರದ್ದು." ಝುಬೈರ್ ಎರಡೂ ಕೈಯಿಂದ ತಲೆ ಹಿಡಿದುಕೊಂಡ.

ಜೆರ್ಟ್ರೂಡಳ ಅಳು ನಿಲ್ಲದ್ದು ನೋಡಿ ಡಾಕ್ಟರಿಗೆ ಗಾಬರಿಯಾಯಿತು. ಅವಳನ್ನು ಕೂರಿಸಿ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ನೋಡಿದರು. ಮತ್ತೊಮ್ಮೆ ಸುತ್ತಿ ನೋಡಿದರು. ಬೆರಳು ಚುಚ್ಚಿ ಸಕ್ಕರೆಯನ್ನೂ ನೋಡಿದರು.

"ಅಳುವಾಗಲೂ ನೂರಿಪ್ಪತ್ತು, ಎಂಬತ್ತು! ಸಕ್ಕರೆಯೂ ಇಲ್ಲ. ನನಗೆ ಸಹ ಇಷ್ಟು ಚೆನ್ನಾಗಿಲ್ಲಮ್ಮ!"

ಝುಬೈರ್ ತಲೆಯಿಂದ ಕೈ ತೆಗೆದ. ಮೀನಿನ ವಾಸನೆ ಬಂದ ಬೆಕ್ಕಿನಂತೆ ಅವನ ಕಣ್ಣು ಹೊಳೆಯಿತು. "ಆಂಟಿ, ವಯಸ್ಸು ಐವತ್ತೇಳು ಅಲ್ವಾ? ನಿಮಗೆ ಐದು ಲಕ್ಷದ ಪಾಲಿಸಿ ತಿಂಗಳಿಗೆ ಏಳುನೂರಕ್ಕೇ ಆಗ್ತದೆ! ಈಗಲೇ ಮಾಡುವ."

ಗಂಡನ ಪಾಲಿಸಿ ಕೆಡಿಸಿದ ಪಾಪಕ್ಕೆ ಏನು ಮಾಡಲೂ ಸಿದ್ಧವಾಗಿದ್ದ ಜೆರ್ಟ್ರೂಡ್ ಹೇಳಿದಲ್ಲೆಲ್ಲ ಸಹಿ ಹಾಕಿದಳು. ಒಂದೊಂದು ಸಹಿಗೂ ಮುಖ ಹಗುರವಾಗುತ್ತ ಬಂತು. "ನೋಡಿ, ಒಬ್ಬರಿಗಾದರೂ ಆಯಿತಲ್ಲ. ಮನೆಗೆ ಬಂದ ಹಾಗೆಯೇ!" ಎಂದಳು ಪಾತುಮ್ಮ. ನಾಮಿನಿಯ ಜಾಗದಲ್ಲಿ ಝುಬೈರ್ ದಪ್ಪ ಅಕ್ಷರದಲ್ಲಿ ವ್ಯಾಲೆಂಟೈನ್ ಡಿಸೋಜ ಎಂದು ಬರೆದ.

ವ್ಯಾಲೆಂಟೈನ್ ಆ ಹೆಸರನ್ನೇ ನೋಡುತ್ತ ಕೂತರು. ಜೆರ್ಟ್ರೂಡ್ ಇಲ್ಲದ ಮನೆಯಲ್ಲಿ ಐದು ಲಕ್ಷ ಹಿಡಿದುಕೊಂಡು ತಾನು ಮಾಡುವುದಾದರೂ ಏನು? ಗಂಜಿಗೆ ಎಷ್ಟು ಉಪ್ಪು ಎಂದು ಸಹ ಗೊತ್ತಿಲ್ಲ. ಅವರ ಎದೆ ಭಾರವಾಯಿತು, ಅದೂ ಸ್ಟೆಂಟ್ ಇಲ್ಲದ ಕಡೆ.

"ಝುಬೈರ್" ಎಂದರು ಮೆಲ್ಲಗೆ. "ನಾಮಿನಿಗೆ ಸಕ್ಕರೆ, ಬಿಪಿ ಇದ್ದರೆ ತೊಂದರೆ ಉಂಟಾ?"

"ಎಂತದ್ದೂ ಇಲ್ಲ ಅಂಕಲ್. ಆಂಟಿಗಿಂತ ಒಂದು ದಿನ ಹೆಚ್ಚು ಬದುಕಿದರೆ ಸಾಕು."

"ಮತ್ತೆ ನಾನೇ ಮೊದಲು ಹೋದರೆ? ಇವಳಿಗೆ ಎಂತ ಸಿಗ್ತದೆ?"

ಝುಬೈರ್ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕುತ್ತ, ಸಮಾಧಾನದ ಧ್ವನಿಯಲ್ಲಿ ಹೇಳಿದ:

"ನಾಮಿನಿ ಬದಲಾಯಿಸುವ ಫಾರ್ಮ್ ಒಂದು ಸಿಗ್ತದೆ ಅಂಕಲ್. ಅದು ಫ್ರೀ."